‘ಸರ್ವಶಕ್ತನಾದ ದೇವರು’ ಅನ್ನೋ ಹೆಸರು ಹಿಡಕೊಂಡು ಏನು ನಂಬಬೇಕು?

ಬೆಟಗೇರಿ ಮಗಳು | ಮಂಗಳವಾರ, ರಾತ್ರಿ 10:52

ಎಲ್ಲರಿಗೂ ವಂದನೆ. ಬರೋ ಶನಿವಾರ ನಮ್ಮ ಸಭೆಯ ಸ್ತ್ರೀಯರ ಕೂಟದಾಗ ಹದಿನೈದು ನಿಮಿಷ ಮಾತಾಡು ಅಂತ ಪಾಸ್ಟರ್ ಅಮ್ಮನೋರು ಹೇಳ್ಯಾರ. ಈ ಸಲ ದೇವರ ಹೆಸರುಗಳ ಮ್ಯಾಲೆ ಒಬ್ಬೊಬ್ಬರು ಒಂದೊಂದು. ನನ್ನ ಪಾಲಿಗೆ ಬಂದದ್ದು ಎಲ್ ಶದ್ದಾಯ್ ಅನ್ನೋ ಇಬ್ರಿಯ (ಹೀಬ್ರೂ) ಹೆಸರು, ಬೈಬಲ್ಲಿನ ಆದಿಕಾಂಡ 17:1. ನಮ್ಮ ಸತ್ಯವೇದದಾಗ ‘ಸರ್ವಶಕ್ತನಾದ ದೇವರು’ ಅಂತ ಐತಿ.

ಮೊದಲಾಗಿದ್ರ ಒಂದು ತಾಸಿನ್ಯಾಗ ಬರದು ಮುಗಸ್ತಿದ್ದೆ. ಈಗ ನಾಕು ದಿನದಿಂದ ನೋಟ್‌ಬುಕ್ ತಗೀತೀನಿ, ಮುಚ್ಚತೀನಿ. ಅವ್ವಗ ಫೆಬ್ರವರಿಯೊಳಗ ಲಕ್ವಾ ಹೊಡೀತು. ಬಲಗಡೆ ಕೈಕಾಲು ಹೋದವು, ಮಾತೂ ಹೋತು. ‘ಹೂಂ’, ‘ಸಾಕು’, ಮತ್ತ ನಮ್ಮ ತಮ್ಮನ ಹೆಸರು, ಇಷ್ಟ ಉಳದಾವ. ಇಪ್ಪತ್ತೊಂದು ದಿನ ಉಪವಾಸ ಪ್ರಾರ್ಥನೆ ಮಾಡಿದ್ವಿ. ಸಭೆಯವರೆಲ್ಲ ಮನೀಗೆ ಬಂದು ತಲಿ ಮ್ಯಾಲೆ ಕೈ ಇಟ್ಟು ‘ಸರ್ವಶಕ್ತನೇ’ ಅಂತ ಕೂಗಿದ್ರು. ಅವ್ವ ಆ ಗದ್ದಲಕ್ಕ ಹೆದರಿ ನನ್ನ ಸೆರಗು ಹಿಡಕೊಂಡಿದ್ಲು.

ಆತ ಸರ್ವಶಕ್ತ ಅನ್ನೋದರಾಗ ನನಗ ಸಂಶಯ ಇಲ್ಲ. ಸಂಶಯ ಇಲ್ಲದ್ದಕ್ಕ ನೋವು ಜಾಸ್ತಿ ಆಗೈತಿ. ಆತನ ಕೈಲೆ ಆಗೂದಿಲ್ಲ ಅಂದಿದ್ರ ಸುಮ್ಮನಾಗತಿದ್ದೆ. ಆಗ್ತೈತಿ, ಆದ್ರ ಮಾಡಲಿಲ್ಲ. ಹಂಗಾದ್ರ ಈ ಹೆಸರು ಹಿಡಕೊಂಡು ಅಷ್ಟು ಮಂದಿ ಹೆಣ್ಣಮಕ್ಕಳ ಮುಂದ ನಿಂತು ಏನು ನಂಬ್ರಿ ಅಂತ ಹೇಳಲಿ? ತಿಳದವರು ಹೇಳ್ರಿ.

ವಿಜಯದ ಧ್ವನಿ | 11:04

ಸಹೋದರಿ, ಕರ್ತನಿಗೆ ಸ್ತೋತ್ರ! ಎಲ್ ಶದ್ದಾಯ್ ಅಂದ್ರೆ ಬೇಕಾದ್ದಕ್ಕಿಂತ ಹೆಚ್ಚಾಗಿ ಕೊಡುವ ದೇವರು. ಆ ಹೆಸರಿನಲ್ಲೇ ಬಿಡುಗಡೆ ಇದೆ. ದಯವಿಟ್ಟು ಬಾಯಲ್ಲಿ ಸೋಲಿನ ಮಾತು ಬರದ ಹಾಗೆ ನೋಡ್ಕೊಳ್ಳಿ. ತಾಯಿ ಎದ್ದು ನಡೀತಿದ್ದಾರೆ, ಮಾತಾಡ್ತಿದ್ದಾರೆ ಅಂತ ಪ್ರತಿದಿನ ಗಟ್ಟಿಯಾಗಿ ಹೇಳಿ. ನಂಬಿಕೆ ಕದಲಿದರೆ ಆಶೀರ್ವಾದ ನಿಲ್ಲುತ್ತೆ. ಶನಿವಾರವೂ ಇದನ್ನೇ ಹೇಳಿ, ಎಷ್ಟೋ ಜನರಿಗೆ ಬಲ ಬರುತ್ತೆ.

ದಾವಣಗೆರೆ ಅಜ್ಜಿಮನೆ | 11:09

ಇಪ್ಪತ್ತೊಂದು ದಿನ ಉಪವಾಸ ಕೂತವರಿಗೆ ‘ನಂಬಿಕೆ ಕದಲಿದರೆ’ ಅಂತ ಹೇಳೋಕೆ ಮನಸ್ಸಾದರೂ ಹೇಗೆ ಬಂತು ನಿಮಗೆ?

ವಿಜಯದ ಧ್ವನಿ | 11:11

ಕದಲಿದೆ ಅಂತ ನಾನು ಹೇಳಿಲ್ಲ. ಕದಲಬಾರದು ಅಂದೆ.

ದಾವಣಗೆರೆ ಅಜ್ಜಿಮನೆ | 11:12

ಕೇಳಿಸಿಕೊಳ್ಳೋರಿಗೆ ಎರಡೂ ಒಂದೇ.

ಇಬ್ರಿಯ ಓದು | 11:47

ಬೆಟಗೇರಿ ಅಕ್ಕ, ಅಮ್ಮನ ವಿಷಯ ಓದಿ ಸಂಕಟ ಆಯ್ತು. ನಾನು ಸೆಮಿನರಿಯಲ್ಲಿ ಇಬ್ರಿಯ ಕಲಿತವನು. ಪದದ ಬಗ್ಗೆ ಗೊತ್ತಿರೋದು ಹೇಳ್ತೀನಿ, ನಿಮ್ಮ ನೋವಿಗೆ ಇದು ಉತ್ತರ ಅಂತ ಅಲ್ಲ.

‘ಬೇಕಾದ್ದಕ್ಕಿಂತ ಹೆಚ್ಚು ಕೊಡುವವನು’ ಅನ್ನೋದು ಶದ್ದಾಯ್ ಪದದ ಅರ್ಥ ಅಲ್ಲ. ‘ಸರ್ವಶಕ್ತ’ ಅನ್ನೋದೂ ಇಬ್ರಿಯದಿಂದ ನೇರ ಬಂದದ್ದಲ್ಲ. ಹಳೇ ಒಡಂಬಡಿಕೆಯನ್ನು, ಅಂದರೆ ಬೈಬಲ್ಲಿನ ಮೊದಲ ಭಾಗವನ್ನು, ಗ್ರೀಕಿಗೆ ತಂದವರು ಯೋಬನ ಪುಸ್ತಕದಲ್ಲಿ ಹಲವು ಕಡೆ ಇದಕ್ಕೆ ‘ಪಾಂತೊಕ್ರಾತೋರ್’, ಎಲ್ಲವನ್ನೂ ಆಳುವವನು, ಅಂತ ಹಾಕಿದರು. ಲ್ಯಾಟಿನ್ನಿನಲ್ಲಿ ಜೆರೋಮ್ ‘ಒಮ್ನಿಪೊತೆನ್ಸ್’ ಅಂದ. ಅಲ್ಲಿಂದ ಮುಂದೆ ಊರೂರಿನ ಭಾಷೆಗೆಲ್ಲ ‘ಸರ್ವಶಕ್ತ’ನೇ ಹರಿದು ಬಂದ. ನಿಮ್ಮ 17:1ರಲ್ಲಂತೂ ಆ ಗ್ರೀಕ್ ಅನುವಾದಕರು ಶಕ್ತಿಯ ಮಾತನ್ನೇ ಎತ್ತಿಲ್ಲ. ‘ನಾನು ನಿನ್ನ ದೇವರು’ ಅಂತಷ್ಟೇ ಬರೆದಿದ್ದಾರೆ.

ಮೂಲದ ಬಗ್ಗೆ ಪಂಡಿತರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಅಕ್ಕಾಡಿಯನ್ ಭಾಷೆಯ ‘ಶದೂ’, ಅಂದರೆ ಬೆಟ್ಟ, ಅದರಿಂದ ಬಂತು ಅಂತ ಆಲ್ಬ್ರೈಟ್ 1935ರಲ್ಲಿ ವಾದಿಸಿದ. ‘ಶಾದದ್’ ಅಂದರೆ ಹಾಳುಗೆಡವು. ಯೆಶಾಯ 13:6, ಯೋವೇಲ 1:15ರಲ್ಲಿ ಪ್ರವಾದಿಗಳು ಆ ಪದದ ಜೊತೆ ಈ ಹೆಸರನ್ನು ಪ್ರಾಸ ಕಟ್ಟಿದ್ದಾರೆ, ‘ಶದ್ದಾಯಿಯಿಂದ ಬರುವ ಹಾಳು’ ಅನ್ನೋ ಥರ. ಇನ್ನು ‘ಶದ್’ ಅಂದರೆ ತಾಯಿಯ ಎದೆ. ಆದಿಕಾಂಡ 49:25ರಲ್ಲಿ ಯಾಕೋಬ ಸಾಯೋ ಮುಂಚೆ ಯೋಸೇಫನಿಗೆ ಶದ್ದಾಯ್ ಕೊಡುವ ಆಶೀರ್ವಾದಗಳನ್ನು ಎಣಿಸುತ್ತಾ ‘ಶದಾಯಿಮ್’ ಅಂತ ಬರುತ್ತೆ, ಎದೆಹಾಲಿನ ಆಶೀರ್ವಾದ, ಗರ್ಭದ ಆಶೀರ್ವಾದ. ಯೆಹೂದಿ ರಬ್ಬಿಗಳು ಇನ್ನೊಂದು ರೀತಿ ಒಡೆದರು: ‘ಶೆ’ ಅಂದರೆ ‘ಯಾರು’, ‘ದಾಯ್’ ಅಂದರೆ ‘ಸಾಕು’. ಸೃಷ್ಟಿಯ ದಿನ ಲೋಕ ಹಿಗ್ಗುತ್ತಾ ಹಿಗ್ಗುತ್ತಾ ಹೋಗುವಾಗ ‘ಸಾಕು’ ಅಂದವನು ಅಂತ ಅವರ ಧರ್ಮಗ್ರಂಥ ತಾಲ್ಮುದಿನಲ್ಲಿ ಒಂದು ಮಾತಿದೆ.

ಜೋರ್ದಾನ್ ದೇಶದ ದೇರ್ ಅಲ್ಲಾದಲ್ಲಿ 1967ರಲ್ಲಿ ಗೋಡೆ ಗಾರೆಯ ಮೇಲೆ ಬರೆದ ಶಾಸನ ಸಿಕ್ಕಿತು. ಅದರಲ್ಲಿ ಬೆಯೋರನ ಮಗ ಬಿಳಾಮ ಅನ್ನೋ ದರ್ಶಿಯ ಹೆಸರಿದೆ, ‘ಶದ್ದಾಯಿನ್’ ಅನ್ನೋ ದೇವತೆಗಳ ಗುಂಪಿನ ಮಾತೂ ಇದೆ. ನಮ್ಮ ಅರಣ್ಯಕಾಂಡ 24ರಲ್ಲೂ ಬಿಳಾಮನ ಬಾಯಲ್ಲೇ ಶದ್ದಾಯ್ ಬರುತ್ತೆ. ಅಷ್ಟು ಹಳೇ ಹೆಸರು ಇದು.

ಒಂದು ಲೆಕ್ಕ ಹೇಳಿ ನಿಲ್ಲಿಸ್ತೀನಿ. ಹಳೇ ಒಡಂಬಡಿಕೆಯಲ್ಲಿ ‘ಶದ್ದಾಯ್’ 48 ಸಲ ಬರುತ್ತೆ. ಅದರಲ್ಲಿ 31 ಸಲ ಯೋಬನ ಪುಸ್ತಕದಲ್ಲಿ. ಹತ್ತು ಮಕ್ಕಳನ್ನ ಕಳಕೊಂಡು ಬೂದಿಯಲ್ಲಿ ಕೂತವನ ಸುತ್ತ ಈ ಹೆಸರು ಅಷ್ಟು ಓಡಾಡಿದೆ.

ಶಿವಾಜಿನಗರ ಆಟೋ | ಬುಧವಾರ, ಬೆಳಿಗ್ಗೆ 6:30

ಒಳ್ಳೇ ಮಾಹಿತಿ ಸಾರ್. ನಮ್ಮ ಸ್ಟ್ಯಾಂಡಲ್ಲಿ ನಾಲ್ಕು ಗಾಡಿ ಹಿಂದೆ ‘ಯೆಹೋವ ಯೀರೆ’ ಇದೆ, ಒಂದರ ಹಿಂದೆ ‘ಎಬೆನೆಜರ್’. ಶದ್ದಾಯ್ ಒಂದೂ ನೋಡಿಲ್ಲ. ಸರಿಯಾದ ಉಚ್ಚಾರ ಯಾವುದು, ಶಡ್ಡೈ ಅಂತಾನಾ ಶದ್ದಾಯ್ ಅಂತಾನಾ? ಹಾಡಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ.

ಇಬ್ರಿಯ ಓದು | 7:15

ದಕಾರ. ಒತ್ತಿ ಹೇಳಿ, ಶದ್-ದಾಯ್.

ಕಿರೆಂ ಓದುಗ | 7:48

ಪ್ರಾಟೆಸ್ಟೆಂಟರ ಬೈಬಲ್ಲಲ್ಲಿ ‘ಯೆಹೋವ’ ಅಂತ ಇರುವ ಕಡೆ ನಮ್ಮ ಕಥೋಲಿಕರು ಓದುವ ಕನ್ನಡ ಬೈಬಲ್ಲಲ್ಲಿ ‘ಸರ್ವೇಶ್ವರ’ ಅಂತ ಉಂಟು. ಸರ್ವೇಶ್ವರ, ಸರ್ವಶಕ್ತ ಎರಡೂ ಒಂದೇ ವಾಕ್ಯದಲ್ಲಿ ಬಂದಾಗ ಕೇಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಮಾರಾಯ್ರೆ. ವಿಮೋಚನಕಾಂಡ 6:3 ಓದಿ ನೋಡಿ. ಅಬ್ರಹಾಮ, ಇಸಾಕ, ಯಾಕೋಬರಿಗೆ ಎಲ್ ಶದ್ದಾಯ್ ಎಂದು ಕಾಣಿಸಿಕೊಂಡೆ, ಯೆಹೋವ ಎಂಬ ಹೆಸರಿನಿಂದ ಅವರಿಗೆ ಪರಿಚಯ ಆಗಿರಲಿಲ್ಲ ಎಂದು ಮೋಶೆಗೆ ದೇವರೇ ಹೇಳುವುದು. ಎರಡು ಹೆಸರಿನ ವ್ಯತ್ಯಾಸದ ಮೇಲೆಯೇ ಆ ವಾಕ್ಯ ನಿಂತಿರುವುದು.

ಹಳೇ ಗೀತೆ ಪುಸ್ತಕ | 8:20

ಈ ಜಗಳ ಹೊಸದಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಕನ್ನಡಕ್ಕೆ ತಂದ ಪೂರ್ತಿ ಬೈಬಲ್ ಅಚ್ಚಾದದ್ದು 1831ರಲ್ಲಿ. ಆವತ್ತಿನಿಂದ ಇವತ್ತಿನ ತನಕ ದೇವರನ್ನ ಕನ್ನಡದಲ್ಲಿ ಏನಂತ ಕರೀಬೇಕು ಅಂತ ಚರ್ಚೆ ಆಗ್ತಾನೇ ಇದೆ. ಆದರೆ ಅಕ್ಕ ಕೇಳಿದ್ದು ಬೇರೆ, ಅಲ್ಲಿಗೆ ಬರೋಣ.

ತುಂಗೆಯ ದಡ | 9:05

ನಾನು ದೇವರನ್ನ ನಂಬೋನಲ್ಲ. ಆದ್ರೂ ಕೇಳ್ತೀನಿ. ಸರ್ವಶಕ್ತ, ಜೊತೆಗೆ ಒಳ್ಳೆಯವನು. ಹಾಗಿದ್ರೆ ಆ ತಾಯಿಗೆ ಯಾಕೆ ಹೀಗಾಯ್ತು? ಇದಕ್ಕೆ ನೇರ ಉತ್ತರ ಕೊಡೋರು ಯಾರಾದ್ರೂ ಇದ್ದಾರಾ ಇಲ್ಲಿ?

ಇಬ್ರಿಯ ಓದು | 9:30

ಇಲ್ಲ. ನನ್ನ ಹತ್ರ ಇಲ್ಲ. ಯೋಬನಿಗೂ ಸಿಗಲಿಲ್ಲ. 38ನೇ ಅಧ್ಯಾಯದಿಂದ ದೇವರು ಮಾತಾಡ್ತಾನೆ, ಆದರೆ ‘ನಿನಗೆ ಹೀಗೆ ಆದದ್ದು ಇದಕ್ಕೆ’ ಅಂತ ಕೊನೆವರೆಗೂ ಹೇಳೋದಿಲ್ಲ. ನೇರ ಉತ್ತರ ಇಟ್ಟುಕೊಂಡಿದ್ದೋರು ಯೋಬನ ಗೆಳೆಯರು. 42:7ರಲ್ಲಿ ದೇವರು ಕೋಪ ಮಾಡ್ಕೊಳ್ಳೋದು ಅವರ ಮೇಲೆ.

ತುಂಗೆಯ ದಡ | 9:34

ಇಲ್ಲ ಅಂತ ಒಪ್ಪಿಕೊಂಡಿದ್ದಕ್ಕೆ ಗೌರವ ಇದೆ. ಓದ್ತಾ ಇರ್ತೀನಿ.

ಬಜ್ಪೆಯಿಂದ ಹೈಫಾ | 2:10

ಅಕ್ಕ, ನಾನು ಇಸ್ರೇಲಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸದಲ್ಲಿ ಇರುವುದು, ನಮ್ಮ ಊರ ಕಡೆಯವರು ಇಲ್ಲಿ ತುಂಬಾ ಜನ ಇದ್ದಾರೆ. ಶದ್ದಾಯ್ ಎನ್ನುವ ಹೆಸರು ನಾನು ದಿನಾ ಕಣ್ಣಲ್ಲಿ ನೋಡುವುದು, ಅದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿ ಯೆಹೂದಿಯರ ಮನೆಗಳಲ್ಲಿ ಬಾಗಿಲಿನ ಬಲಬದಿಯ ದಾರಂದದಲ್ಲಿ ಬೆರಳುದ್ದದ ಒಂದು ಸಣ್ಣ ಡಬ್ಬಿ ಓರೆಯಾಗಿ ಹೊಡೆದಿರುತ್ತಾರೆ. ಮೆಜೂಜಾ ಅಂತ. ಒಳಗೆ ಚರ್ಮದ ಹಾಳೆಯಲ್ಲಿ ಧರ್ಮೋಪದೇಶಕಾಂಡದ ವಾಕ್ಯಗಳು, ‘ಇಸ್ರಾಯೇಲರೇ ಕೇಳಿರಿ’ ಅಂತ ಬರುತ್ತದಲ್ಲ, ಅದು. ಹಾಳೆಯ ಹಿಂಬದಿಯಲ್ಲಿ ಶದ್ದಾಯ್ ಅಂತ ಬರೆದಿರುತ್ತದೆ. ಡಬ್ಬಿಯ ಹೊರಗೆ ಅದರ ಮೊದಲ ಅಕ್ಷರ ಶಿನ್ ಇರುತ್ತದೆ, ಮೂರು ಕವಲಿನ ಹಾಗೆ ಕಾಣುವುದು. ಒಳಗೆ ಬರುವಾಗ, ಹೊರಗೆ ಹೋಗುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತು ಕೊಡುತ್ತಾರೆ.

ನಾನು ಮೊದಲು ನೋಡಿಕೊಂಡ ಅಜ್ಜಿಗೆ 88 ವರ್ಷ, ವೀಲ್‌ಚೇರ್. ಮೆಜೂಜಾ ಇರುವುದು ದಾರಂದದ ಮೇಲ್ಭಾಗದಲ್ಲಿ, ಕೂತವರಿಗೆ ಎಟಕುವುದಿಲ್ಲ. ನಾನು ಅವರ ಮಣಿಕಟ್ಟು ಹಿಡಿದು ಎತ್ತಿದರೂ ಒಂದು ಗೇಣು ಕಮ್ಮಿ. ಮತ್ತೆ ನಾನೇ ಮುಟ್ಟಿ ನನ್ನ ಬೆರಳನ್ನು ಅವರ ತುಟಿಗೆ ತಾಗಿಸುತ್ತಿದ್ದೆ. ದಿನಕ್ಕೆ ಎರಡು ಸಲ, ಪಾರ್ಕಿಗೆ ಹೋಗುವಾಗ ಮತ್ತು ಬರುವಾಗ. ಒಂದು ದಿನ ಅರ್ಥ ಕೇಳಿದೆ. ಬಾಗಿಲು ಕಾಯುವವನು ಅಂದರು. ಆ ಮೂರು ಅಕ್ಷರಗಳನ್ನು ‘ಇಸ್ರಾಯೇಲಿನ ಬಾಗಿಲುಗಳ ಕಾವಲುಗಾರ’ ಎಂದೂ ಬಿಡಿಸಿ ಓದುತ್ತಾರಂತೆ.

ಮತ್ತೆ ಅವರೇ ಹೇಳಿದರು, ‘ನನ್ನ ಮಗ ಕೊನೆಯ ಸಲ ಹೊರಗೆ ಹೋದದ್ದು ಇದೇ ಬಾಗಿಲಲ್ಲಿ. ಮುಟ್ಟಿಯೇ ಹೋದ. ವಾಪಸು ಬರಲಿಲ್ಲ.’ ನನಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ‘ಆಮೇಲೂ ಮುಟ್ಟುತ್ತಿದ್ದಿರಾ’ ಅಂತ ಕೇಳಿಬಿಟ್ಟೆ. ‘ಒಂದು ವರ್ಷ ಮುಟ್ಟಲಿಲ್ಲ. ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ. ಆಮೇಲೆ ಒಂದು ದಿನ ಕೈ ತಾನೇ ಮೇಲೆ ಹೋಯಿತು’ ಅಂದರು. ಯಾಕೆ ಹೋಯಿತು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಿಮ್ಮ ಕೈ ಈಗ ಮೇಲೆ ಹೋಗದಿದ್ದರೆ ಪರವಾಗಿಲ್ಲ ಅಕ್ಕ.

ದಾವಣಗೆರೆ ಅಜ್ಜಿಮನೆ | 2:31

ಇದನ್ನ ಓದಿ ಕೆಲಸ ಬಿಟ್ಟು ಕೂತಿದೀನಿ.

ಕೊಳ್ಳೇಗಾಲದ ಮೇಷ್ಟ್ರು | 5:40

ನಾನು ಕ್ರೈಸ್ತನಲ್ಲ, ನಿವೃತ್ತ ಕನ್ನಡ ಅಧ್ಯಾಪಕ. ಮೇಲೆ ಇಬ್ರಿಯ ಬಲ್ಲವರು ಬರೆದದ್ದರಲ್ಲಿ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಆ ಹೆಸರಿಗೆ ಒಂದು ಕಡೆ ‘ಸಾಕು ಎಂದವನು’ ಎಂಬ ಅರ್ಥ, ಇನ್ನೊಂದು ಕಡೆ ತಾಯಿಯ ಎದೆಯ ನೆನಪು, ಅಂದರೆ ಹಾಲೂಡಿ ಸಾಕುವುದು. ಇಬ್ರಿಯದಲ್ಲಿ ಇವು ಎರಡು ಬೇರೆ ದಾರಿಗಳು. ಕನ್ನಡದಲ್ಲಿ ಎರಡಕ್ಕೂ ಇರುವುದು ಒಂದೇ ಸದ್ದು. ತಟ್ಟೆ ಮುಂದೆ ಕೂತ ಮಗು ಹೇಳುವುದೂ ‘ಸಾಕು’. ಆ ಮಗುವನ್ನು ದೊಡ್ಡದು ಮಾಡುವ ತಾಯಿಯ ಕೆಲಸದ ಹೆಸರೂ ‘ಸಾಕು’.

ವ್ಯಾಕರಣ ತಪ್ಪಬಾರದು, ಅದಕ್ಕೆ ಹೇಳಿಬಿಡುತ್ತೇನೆ. ಮೊದಲನೆಯದು ‘ಸಾಲದು’ ಎಂಬುದರ ಒಡಹುಟ್ಟು, ‘ಸಾಲ್’ ಧಾತುವಿನ ಕಡೆಯದು. ಎರಡನೆಯದು ಬೇರೆ. ಆದರೂ ಕನ್ನಡದಲ್ಲಿ ಪ್ರಾರ್ಥಿಸುವವರು ಈ ಹೆಸರನ್ನು ತಮ್ಮ ಭಾಷೆಯಲ್ಲಿ ಕೇಳಿಸಿಕೊಳ್ಳಲು ಬಯಸಿದರೆ ‘ಸರ್ವಶಕ್ತ’ಕ್ಕಿಂತ ಹತ್ತಿರದ ಮಾತು ಮನೆಯೊಳಗೇ ಇದೆ ಎನಿಸಿತು. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಎಂದು ನಮ್ಮ ಹಳ್ಳಿಯ ತಾಯಂದಿರು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಸಾಕುವ ದೇವರು.

ಇಬ್ರಿಯ ಓದು | 5:58

ಮೇಷ್ಟ್ರೇ, ಇಷ್ಟು ವರ್ಷ ಓದಿದೀನಿ, ಇದು ಒಮ್ಮೆಯೂ ಹೊಳೆದಿರಲಿಲ್ಲ. ನಮಸ್ಕಾರ ನಿಮಗೆ.

ವಿಜಯದ ಧ್ವನಿ | 6:20

ಪದದ ಆಟದಿಂದ ರೋಗ ವಾಸಿಯಾಗಲ್ಲ. ನೀವೆಲ್ಲ ಸೇರಿ ದೇವರ ಶಕ್ತಿಯನ್ನ ಚಿಕ್ಕದು ಮಾಡ್ತಿದ್ದೀರಿ. ಕೀರ್ತನೆ 91 ನೋಡಿ. ಸರ್ವಶಕ್ತನ ನೆರಳಲ್ಲಿ ಇರೋರಿಗೆ ಯಾವ ಕೇಡೂ ಹತ್ತಿರ ಬರಲ್ಲ ಅಂತ ಸ್ಪಷ್ಟವಾಗಿ ಇದೆ. ಅದು ವಾಗ್ದಾನ.

ಪೂನಾ ರೋಡ್ ಲಾರಿ | 9:15

ಅಣ್ಣಾರೆ, ನನ್ನ ಗಾಡಿ ಗಾಜಿನ ಮ್ಯಾಲೆ ಆ ಕೀರ್ತನೇನೇ ಅಂಟಿಸೀನಿ. ಹನ್ನೊಂದು ವರ್ಷ ಆತು. ಎರಡು ವರ್ಷದ ಹಿಂದ ಹಾವೇರಿ ದಾಟಿದ ಮ್ಯಾಲೆ ರಾತ್ರಿ ಗಾಡಿ ಪಲ್ಟಿ ಆತು. ನನಗ ಮೊಣಕೈ ತರಚಿದ್ದು ಬಿಟ್ರ ಏನೂ ಆಗಲಿಲ್ಲ. ನನ್ನ ಕ್ಲೀನರ್ ಹುಡುಗ ಹೋದ. ಇಪ್ಪತ್ತು ತುಂಬಿರಲಿಲ್ಲ. ಮಂದಿ ಬಂದು ‘91ನೇ ಕೀರ್ತನೆ ನಿನ್ನ ಕಾಯ್ತು’ ಅಂದ್ರು. ಸಾಕ್ಷಿ ಹೇಳು ಅಂತ ಸಭೆಯೊಳಗ ಎಬ್ಬಿಸಿದ್ರು. ನಾ ಎದ್ದು ನಿಂತೆ, ಬಾಯಿಂದ ಮಾತು ಬರಲಿಲ್ಲ, ಕುಂತೆ. ಆ ಹುಡುಗನ ಮನೀಗೆ ಹೋದಾಗ ಅವರ ಬಾಗಿಲ ಮ್ಯಾಲೆ ಅದೇ ಕೀರ್ತನೆ ಚೌಕಟ್ಟು ಹಾಕಿ ಹಚ್ಚಿದ್ರು. ಅವರವ್ವಗ ನಾ ಏನು ಹೇಳಬೇಕಿತ್ತು?

ಗಾಜಿನ ಮ್ಯಾಲಿಂದ ನಾ ಅದನ್ನ ತಗದಿಲ್ಲ. ಆದ್ರ ಕಾಯ್ತದ ಅಂತ ಓದೂದು ಬಿಟ್ಟೀನಿ. ‘ನೆರಳು’ ಅನ್ನೋ ಒಂದು ಶಬ್ದ ಅಷ್ಟ ಓದ್ತೀನಿ. ನೆರಳು ಬೇಕಾಗೂದು ಬಿಸಿಲೊಳಗ ಇದ್ದವರಿಗೆ.

ಕಿರೆಂ ಓದುಗ | 9:52

ಲಾರಿಯವರೇ, ನಿಮ್ಮ ಮಾತಿಗೆ ಏನೂ ಸೇರಿಸುವುದಿಲ್ಲ. ವಿಜಯದ ಧ್ವನಿಯವರಿಗೆ ಮಾತ್ರ ಒಂದು ವಿಷಯ. ಹೊಸ ಒಡಂಬಡಿಕೆಯಲ್ಲಿ ಇದೇ 91ನೇ ಕೀರ್ತನೆಯನ್ನು ಬಾಯಿಪಾಠ ಹೇಳುವುದು ಯಾರು? ಸೈತಾನ. ಮತ್ತಾಯ 4:6. ದೇವಾಲಯದ ತುದಿಯಲ್ಲಿ ನಿಲ್ಲಿಸಿ, ದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದುಂಟಲ್ಲ, ಹಾರು ಎನ್ನುವುದು. ಯೇಸು ಹಾರಲಿಲ್ಲ. ವಾಕ್ಯ ಸುಳ್ಳು ಎಂದೂ ಹೇಳಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದರು. ವಾಗ್ದಾನ ಹಿಡಿದುಕೊಂಡು ದೇವರ ಕೈ ತಿರುಚಲು ಹೋಗುವುದಕ್ಕೂ ನಂಬುವುದಕ್ಕೂ ವ್ಯತ್ಯಾಸ ಉಂಟು.

ಹಳೇ ಗೀತೆ ಪುಸ್ತಕ | 10:05

ಪಾಂತೊಕ್ರಾತೋರ್ ಬಗ್ಗೆ ಒಂದು ಮಾತು. ಅದರಲ್ಲಿರೋ ಕ್ರಿಯಾಪದ ಹಿಡಿಯೋದು, ಆಳೋದು ಅನ್ನೋ ಕಡೆಯದು. ‘ಏನು ಬೇಕಾದರೂ ಮಾಡಬಲ್ಲವನು’ ಅನ್ನೋದಕ್ಕಿಂತ ‘ಎಲ್ಲವನ್ನೂ ಹಿಡಿದಿರುವವನು’. ಹೊಸ ಒಡಂಬಡಿಕೆಯಲ್ಲಿ ಆ ಪದ ಹತ್ತು ಸಲ, ಅದರಲ್ಲಿ ಒಂಬತ್ತು ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ. ಅದನ್ನ ಬರೆದವನು ಪತ್ಮೋಸ್ ದ್ವೀಪದಲ್ಲಿದ್ದ. ಓದಿಸಿಕೊಂಡವರು ಏಷ್ಯಾ ಸೀಮೆಯ ಏಳು ಊರಿನ ಸಣ್ಣ ಸಭೆಗಳು. ರೋಮಿನ ಎದುರು ಅವರ ಹತ್ರ ಏನೂ ಇರಲಿಲ್ಲ.

ವಿಜಯದ ಧ್ವನಿ | 10:48

ನನ್ನನ್ನ ಸೈತಾನನ ಪಕ್ಕ ನಿಲ್ಲಿಸಿದ್ದೀರಿ. ಇರಲಿ. ನಾನು ಯಾಕೆ ಹೀಗೆ ಮಾತಾಡ್ತೀನಿ ಅಂತ ಹೇಳ್ತೀನಿ.

ನನ್ನ ಮಗಳಿಗೆ ಮೂರು ವರ್ಷ ಇದ್ದಾಗ ಮೆದುಳು ಜ್ವರ ಬಂತು. ಹನ್ನೆರಡು ದಿನ ಪ್ರಜ್ಞೆ ಇರಲಿಲ್ಲ. ಡಾಕ್ಟರು ನೆಂಟರಿಗೆಲ್ಲ ಹೇಳಿಕಳಿಸಿ ಅಂದರು. ಆ ರಾತ್ರಿ ಐಸಿಯು ಹೊರಗೆ ನೆಲದ ಮೇಲೆ ಮಂಡಿ ಊರಿ ಈ ಒಂದೇ ಹೆಸರು ಹೇಳ್ತಾ ಇದ್ದೆ. ಬೇರೆ ಮಾತು ನೆನಪಿಗೆ ಬರ್ತಿರಲಿಲ್ಲ. ಬೆಳಗಿನ ಜಾವ ಕಣ್ಣು ಬಿಟ್ಟಳು. ಈಗ ಒಂಬತ್ತನೇ ಕ್ಲಾಸು. ಇದು ನನ್ನ ಕಣ್ಣ ಮುಂದೆ ನಡೆದದ್ದು. ದೇವರು ಮಾಡಲ್ಲ ಅಂತ ಯಾರಾದ್ರೂ ಅಂದ್ರೆ ನನಗೆ ಸುಮ್ಮನಿರೋಕೆ ಆಗಲ್ಲ.

ಪೂನಾ ರೋಡ್ ಲಾರಿ | 10:55

ಅಣ್ಣಾ, ನಿಮ್ಮ ಮಗಳು ಎದ್ದಾಳಲ್ಲ, ಅದಕ್ಕ ನನ್ನ ಮನಸ್ಸಿನ್ಯಾಗ ಖುಷಿನೇ ಐತಿ. ಮಾಡೂದಿಲ್ಲ ಅಂತ ಇಲ್ಲಿ ಯಾರೂ ಅಂದಿಲ್ಲ.

ದಾವಣಗೆರೆ ಅಜ್ಜಿಮನೆ | 11:01

ನಿಮ್ಮ ಮೇಲೆ ರೇಗಿದೆ, ಕ್ಷಮಿಸಿ. ಆದರೆ ಅಣ್ಣ, ನೀವು ಆ ರಾತ್ರಿ ‘ಮಗಳು ಎದ್ದಿದ್ದಾಳೆ’ ಅಂತ ಘೋಷಿಸಲಿಲ್ಲ ಅಲ್ವಾ? ನೆಲಕ್ಕೆ ಬಿದ್ದು ಹೆಸರು ಹೇಳ್ತಾ ಇದ್ದಿರಿ. ಅದನ್ನೇ ಈ ಅಕ್ಕನಿಗೂ ಬಿಡಿ.

ವಿಜಯದ ಧ್ವನಿ | 11:20

ಹೌದು. ಅದು ನಿಜ.

ಬೀದರ್ ಕೋಟೆ | ಗುರುವಾರ, ಬೆಳಿಗ್ಗೆ 5:30

ತಂಗೀ, ನನಗೀಗ 71. ನಿನ್ನೆ ರಾತ್ರಿ ಎಲ್ಲಾ ಓದಿದೆ, ನಿದ್ದೆ ಹತ್ತಲಿಲ್ಲ.

ನೀ 17:1ರ ಮ್ಯಾಲೆ ಮಾತಾಡಬೇಕು ಅಂದಿ. ಅಲ್ಲೇ ಒಂದು ಸಂಗತಿ ನೋಡು. ಅಬ್ರಾಮ (ಅಬ್ರಹಾಮನ ಮೊದಲಿನ ಹೆಸರು) ಹಾರಾನ್ ಊರು ಬಿಟ್ಟಾಗ 75. ಮಗ ಇಷ್ಮಾಯೇಲ ಹುಟ್ಟಿದಾಗ 86. ಅಲ್ಲಿಂದ 99ರ ತನಕ ಹದಿಮೂರು ವರ್ಷ ದೇವರು ಮಾತಾಡಿದ್ದು ಬರದಿಲ್ಲ. 16ನೇ ಅಧ್ಯಾಯ ಮುಗೀತದ, ಮುಂದಿನ ಸಾಲಿನ್ಯಾಗ 99. ಹೆಂಡತಿ ಸಾರಳಿಗೆ 90. ಎಲ್ಲಾ ಮುಗದ ಮ್ಯಾಲೆ ‘ನಾನು ಎಲ್ ಶದ್ದಾಯ್’ ಅಂತ ಬಂದ, ಸಾರಳಿಗೆ ಮಗ ಹುಟ್ತಾನ ಅಂದ. ಅಬ್ರಹಾಮ ಏನ್ ಮಾಡ್ದ? ಬೋರಲ ಬಿದ್ದು ನಕ್ಕ. 17:17. ನಂಬಿಗಸ್ತರ ತಂದಿ ಅಂತ ಕರಸಿಕೊಂಡಾವಗ ಈ ಹೆಸರು ಕೇಳಿ ನಗು ಬಂತು. ದೇವರು ಬೈಲಿಲ್ಲ, ಹುಟ್ಟೋ ಕೂಸಿಗಿ ‘ನಗ್ತಾನ’ ಅನ್ನೋ ಹೆಸರೇ ಇಡು ಅಂದ.

ಆದರ ನನಗ ಈ ಹೆಸರು ತಿಳದದ್ದು ಅಲ್ಲಿ ಅಲ್ಲ, 43:14ರಾಗ. ಬರಗಾಲ. ಮನ್ಯಾಗ ಕಾಳಿಲ್ಲ. ಮಗ ಯೋಸೇಫ ಸತ್ತಾನ ಅಂತ ಅಬ್ರಹಾಮನ ಮೊಮ್ಮಗ ಯಾಕೋಬ ತಿಳಕೊಂಡಾನ. ಇನ್ನೊಬ್ಬ ಮಗ ಸಿಮೆಯೋನ ಐಗುಪ್ತದಾಗ (ಈಜಿಪ್ಟಿನ್ಯಾಗ) ಸೆರಿ. ಈಗ ಕಾಳು ಬೇಕಾದ್ರ ಸಣ್ಣ ಮಗ ಬೆನ್ಯಾಮೀನನ್ನೂ ಕರಕೊಂಡು ಬರ್ರಿ ಅಂತ ಅಲ್ಲಿಯ ಅಧಿಕಾರಿ ಅಂದಾನ. ಮುದುಕ ತಡದು ತಡದು ಕಡೀಗಿ ಒಪ್ತಾನ. ಏನೇನು ಕಟ್ಟಿಕೊಟ್ಟ ನೋಡು. ಒಂದಿಷ್ಟು ಜೇನು, ಸುಗಂಧದ ಅಂಟು, ಪಿಸ್ತಾ, ಬಾದಾಮಿ, ಎರಡರಷ್ಟು ರೊಕ್ಕ. ಕೈಲಾದದ್ದೆಲ್ಲ ಮಾಡ್ದ. ಆಮ್ಯಾಲೆ ಅಂದ, ಎಲ್ ಶದ್ದಾಯ್ ಆ ಮನುಷ್ಯನ ಎದುರಿಗಿ ನಿಮಗ ಕರುಣೆ ಸಿಗೋ ಹಂಗ ಮಾಡ್ಲಿ. ಅದೇ ಉಸಿರಿನ್ಯಾಗ ಮುಂದಿನ ಮಾತು: ನಾ ಮಕ್ಕಳನ್ನ ಕಳಕೋಬೇಕಾದ್ರ ಕಳಕೋತೀನಿ.

ಎರಡೂ ಒಂದೇ ವಾಕ್ಯ ತಂಗೀ. ಅರ್ಧ ಹರಿದು ಓದಬ್ಯಾಡ. ‘ಸರ್ವಶಕ್ತ ಇದ್ದಾನ, ನನಗೇನೂ ಆಗಲ್ಲ’ ಅಂತ ಯಾಕೋಬ ಅನಲಿಲ್ಲ. ‘ಏನಾದ್ರೂ ಆಗಬಹುದು’ ಅಂತ ತಿಳದೇ ಹುಡುಗನ ಕೈ ಬಿಟ್ಟ. ಕೈ ಬಿಡಾಕ ಯಾರದಾದರೂ ಕೈಯಾಗ ಬಿಡಬೇಕಲ್ಲ. ಅಲ್ಲಿ ಆ ಹೆಸರು ಬಂತು.

ನನ್ನ ದೊಡ್ಡ ಮಗ ಬಾವ್ಯಾಗ ಹೋದ, 1994ರಾಗ. ಸಣ್ಣಾವ ಓದಾಕ ದೂರ ಹೋಗ್ತೀನಿ ಅಂದಾಗ ಎರಡು ವರ್ಷ ಬಿಡಲಿಲ್ಲ ನಾ. ಕಡೀಗಿ ಬಸ್‌ಸ್ಟ್ಯಾಂಡಿನ್ಯಾಗ ಕಿಟಕಿಯಿಂದ ಬುತ್ತಿ ಕೊಟ್ಟೆ. ಅವನ ಕೈ ಹಿಡದಿದ್ದೆ, ಬಸ್ಸು ಹೊಂಟ ಮ್ಯಾಲೆ ನಾಕು ಹೆಜ್ಜಿ ಜೋಡಿ ಓಡಿದೆ. ಕಂಡಕ್ಟರ್ ಒದರಿದ. ಆಗ ಬಿಟ್ಟೆ. ಬಾಯಾಗ ಈ ವಾಕ್ಯ ಇತ್ತು, ಎರಡೂ ಅರ್ಧ.

ತುಂಗೆಯ ದಡ | 7:40

ಅಜ್ಜ, ನಂಬೋನಲ್ಲ ಅಂದೆ. ಆದ್ರೆ ನಿಮ್ಮ ಆ ನಾಲ್ಕು ಹೆಜ್ಜೆ ನನಗೆ ಅರ್ಥ ಆಯ್ತು.

ದಾವಣಗೆರೆ ಅಜ್ಜಿಮನೆ | 8:30

ಹೆಣ್ಣುಮಕ್ಕಳ ಕೂಟ ಅಂದಿರಲ್ಲ ಅಕ್ಕ, ನೊವೊಮಿಯನ್ನ ಬಿಡಬೇಡಿ. ರೂತಳು 1:20-21. ಗಂಡ, ಇಬ್ಬರು ಗಂಡುಮಕ್ಕಳು ಹೋಗಿ ಬೆತ್ಲೆಹೇಮಿಗೆ ವಾಪಸ್ ಬಂದಾಗ ಊರ ಹೆಂಗಸರ ಎದುರು ಅವಳು ಹೇಳಿದ್ದು, ನನ್ನನ್ನ ನೊವೊಮಿ ಅನ್ನಬೇಡಿ, ಮಾರಾ ಅನ್ನಿ, ಶದ್ದಾಯ್ ನನ್ನ ಬಾಳನ್ನ ಬಹಳ ಕಹಿ ಮಾಡಿದ್ದಾನೆ ಅಂತ. ಮಾರಾ ಅಂದ್ರೆ ಕಹಿ. ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ. ಆ ಮಾತು ಹಾಗೇ ಬೈಬಲ್ಲಿನಲ್ಲಿ ಉಳಿದಿದೆ, ದೇವರ ಹೆಸರಿನ ಸಮೇತ.

ಪುಸ್ತಕದ ಕೊನೆಯಲ್ಲಿ ಅದೇ ಹೆಂಗಸರು ಅವಳ ಸೊಸೆ ರೂತಳ ಮಗುವನ್ನ ನೋಡಿ ಹರಸ್ತಾರೆ. ನೊವೊಮಿ ಆ ಮಗುವನ್ನ ಎದೆಗೆ ಅವಚಿಕೊಂಡು ದಾದಿಯಾದಳು ಅಂತ 4:16. ಶದ್ದಾಯ್ ಅನ್ನೋ ಹೆಸರು ಆಮೇಲೆ ಆ ಪುಸ್ತಕದಲ್ಲಿ ಬರೋದೇ ಇಲ್ಲ. ಹೋದ ಮಕ್ಕಳು ವಾಪಸ್ ಬರಲಿಲ್ಲ. ಆದರೆ ಅವಳ ಮಡಿಲಲ್ಲಿ ಒಂದು ಕೂಸು, ಅವಳು ಸಾಕ್ತಾ ಇದಾಳೆ. ಮೇಷ್ಟ್ರು ಹೇಳಿದ ಆ ಪದ ನೆನಪಾಯ್ತು.

ಬೆಟಗೇರಿ ಮಗಳು | ಗುರುವಾರ, ರಾತ್ರಿ 11:30

ಎಲ್ಲಾರದ್ದೂ ಓದಿದೆ. ಕೆಲವು ಎರಡೆರಡು ಸಲ.

ಮೇಷ್ಟ್ರೇ, ನೀವು ಬರದದ್ದು ಓದಿ ನೋಟ್‌ಬುಕ್ ಅಲ್ಲೇ ಬಿಟ್ಟು ಅವ್ವನ ಕಡೆ ಹೋದೆ. ದಿನಾ ಗಂಜಿ ಉಣಸ್ತೀನಿ, ಎಂಟೊಂಬತ್ತು ಚಮಚ ಆದ ಮ್ಯಾಲೆ ಎಡಗೈ ಎತ್ತಿ ‘ಸಾಕು’ ಅಂತಾಳ. ಇಷ್ಟು ದಿನ ಅದನ್ನ ಕೇಳಿದ್ರ ನನಗ ಸಿಟ್ಟು ಬರ್ತಿತ್ತು. ಇನ್ನೂ ಅರ್ಧ ಬಟ್ಟಲ ಉಳದಿರ್ತಿತ್ತು, ತಿಂದ್ರ ಶಕ್ತಿ ಬರ್ತೈತಿ ಅಂತ ಒತ್ತಾಯ ಮಾಡಿ ಬಾಯಾಗ ಇಡ್ತಿದ್ದೆ. ಇವತ್ತು ಅಕಿ ಅಂದ ಕೂಡಲೇ ಚಮಚ ಕೆಳಗ ಇಟ್ಟೆ. ನಾನು ಹುಟ್ಟಿದಾಗ ಏಳು ತಿಂಗಳಿನಾಕಿ, ಬದುಕೂದಿಲ್ಲ ಅಂದಿದ್ರಂತ. ಹತ್ತಿಯೊಳಗ ಸುತ್ತಿ, ಚಮಚದಿಂದ ಹಾಲು ಬಿಟ್ಟು ಸಾಕಿದ್ಲು.

ವಿಜಯದ ಧ್ವನಿ ಅಣ್ಣಾ, ನಿಮ್ಮ ಮ್ಯಾಲೆ ನನಗ ಬ್ಯಾಸರ ಇಲ್ಲ. ನಿಮ್ಮ ಮಗಳಿಗೆ ನನ್ನ ಮುತ್ತು ಹೇಳ್ರಿ. ಅವ್ವ ಎದ್ದು ನಡೀಲಿ ಅಂತ ನಾ ಕೇಳೂದು ಬಿಟ್ಟಿಲ್ಲ, ನಾಳೇನೂ ಕೇಳ್ತೀನಿ.

ಬೀದರ್ ಅಜ್ಜಾರ, ಶನಿವಾರ ನಾ 43:14 ಓದ್ತೀನಿ. ಎರಡೂ ಅರ್ಧ.

ಬಜ್ಪೆಯಿಂದ ಹೈಫಾ | ಶುಕ್ರವಾರ, ಬೆಳಿಗ್ಗೆ 6:05

ಅಕ್ಕ, ಗಂಜಿ ಎಂದಿರಿ, ಅದಕ್ಕೆ ಒಂದೆರಡು ಮಾತು. ಉಣಿಸುವಾಗ ಅಮ್ಮನನ್ನು ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಇರಲಿ. ಮಲಗಿಸಿ ಉಣಿಸಬೇಡಿ. ಬಲಗಡೆ ಬಲ ಇಲ್ಲದ ಕಾರಣ ಬಲಗೆನ್ನೆಯ ಒಳಗೆ ಅನ್ನ ಉಳಿಯುತ್ತದೆ, ಅವರಿಗೇ ಗೊತ್ತಾಗುವುದಿಲ್ಲ. ಊಟ ಆದ ಮೇಲೆ ಬೆರಳಿಗೆ ಬಟ್ಟೆ ಸುತ್ತಿ ನೋಡಿ. ಮತ್ತೆ ಅರ್ಧ ಗಂಟೆ ಕೂತೇ ಇರಲಿ. ಕೆಮ್ಮು ಬಂದರೆ, ಗಂಟಲಲ್ಲಿ ಗೊರಗೊರ ಅಂದರೆ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.

ಇನ್ನೊಂದು. ಮಾತು ಹೋದ ಕೆಲವರಿಗೆ ಹಾಡು ಉಳಿದಿರುತ್ತದೆ. ನಾನು ಇಲ್ಲಿ ನೋಡಿದ್ದೇನೆ. ಅಮ್ಮನಿಗೆ ಚಿಕ್ಕಂದಿನಿಂದ ಗೊತ್ತಿರುವ ಗೀತೆ ಮೆಲ್ಲಗೆ ಹಾಡಿ ನೋಡಿ. ಒತ್ತಾಯ ಬೇಡ.

ಶಿವಾಜಿನಗರ ಆಟೋ | 6:40

ನಾಳೆ ನಿಮ್ಮ ಕೂಟ ಎಷ್ಟೊತ್ತಿಗೆ ಅಕ್ಕ? ಆ ಟೈಮಿಗೆ ಗಾಡಿ ಸೈಡಿಗೆ ಹಾಕ್ತೀನಿ.

ಬೆಟಗೇರಿ ಮಗಳು | 7:10

ಸಂಜಿ 4ಕ್ಕ.

ಬೆಟಗೇರಿ ಮಗಳು | ಭಾನುವಾರ, ಮಧ್ಯಾಹ್ನ 3:25

ಹದಿನೈದು ನಿಮಿಷ ಆಗಲಿಲ್ಲ, ಆರೇಳು ನಿಮಿಷಕ್ಕ ಮುಗೀತು. ಯಾಕೋಬ ಬುತ್ತಿ ಕಟ್ಟಿದ್ದು ಹೇಳಿದೆ, ವಾಕ್ಯ ಓದಿದೆ, ನೊವೊಮಿ ಅಂದ ಮಾತು ಓದಿದೆ. ಅವ್ವನ ಬಗ್ಗೆ ಏನೂ ಹೇಳಬಾರದು ಅಂತ ಹೋಗಿದ್ದೆ, ಹೇಳಿಬಿಟ್ಟೆ. ಕಡೀ ಸಾಲಿನ್ಯಾಗ ಕುಂತಿದ್ದ ಒಬ್ಬ ಆಯಿ, ಯಾವತ್ತೂ ಮಾತಾಡದಾಕಿ, ಕುಂತಲ್ಲೇ ‘ನಂದೂ ಕಹಿ ಐತಿ’ ಅಂದ್ಲು. ಅಷ್ಟ. ಅಮ್ಮನೋರು ಹೋಗಿ ಅಕಿ ಬಾಜೂಕ ಕುಂತ್ರು. ಕೂಟ ಮುಗದ್ರೂ ಯಾರೂ ಲಗೂನ ಏಳಲಿಲ್ಲ.

ಇವತ್ತು ಆರಾಧನೆ ಮುಗಿಸಿ ಬಂದು ಅವ್ವಗ ಉಣಸೂ ಮುಂದ ಅಕಿ ನಮಗ ಜೋಗುಳದಂಗ ಹಾಡ್ತಿದ್ದ ಗೀತೆ ಹಾಡಿದೆ. ಎರಡನೇ ಚರಣಕ್ಕ ಬಾಯಿ ಮುಚ್ಚಿಕೊಂಡೇ ರಾಗ ಹಿಡದ್ಲು. ಶಬ್ದ ಬರಲಿಲ್ಲ, ರಾಗ ತಪ್ಪಲಿಲ್ಲ. ಗಂಜಿ ಆರೇಹೋತು, ಮತ್ತ ಬಿಸಿ ಮಾಡಿಕೊಂಡು ಬಂದೆ. ಏಳು ಚಮಚ ಆದ ಮ್ಯಾಲೆ ‘ಸಾಕು’ ಅಂದ್ಲು. ಹೈಫಾ ತಂಗೀ, ನೀ ಹೇಳಿದ್ಹಂಗ ಬಲಗೆನ್ನಿ ನೋಡಿದೆ, ಎರಡು ಅಗಳು ಅಲ್ಲೇ ಉಳದಿದ್ವು.